ಪಟ್ಟಿಯಲ್ಲಿ ಕಾಕು ಎಲ್ಲಿ?

"ನೀವು ಕಂಪ್ಯೂಟರಿನವರು, ಅದರ ಬಗ್ಗೆ ಏನಾದರೂ ಬರೆಯಿರಿ" ಎಂದು ಮಹಿಳಾ ವಿಭಾಗದ ಗೆಳತಿಯರು ಈ ಇ-ಸ್ಮರಣ ಸಂಚಿಕೆಗಾಗಿ ಕೇಳಿದಾಗ ಮೊದಲು ಬೇಡವೆಂದೆ. ತವರಿನ ನೆನಪು, ಪ್ರವಾಸ, ಅಡುಗೆಗಳ ನಡುವೆ ಡೇಟಾಬೇಸಿನ ಇತಿಹಾಸವನ್ನು ಯಾರು ಓದುತ್ತಾರೆ? ಆಮೇಲೆ ಕಾಕು ನೆನಪಾದರು. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಮೊದಲ ಸಲ ಕಂಪ್ಯೂಟರಿಗೆ ಏರಿಸಿದವಳು ನಾನು. ಅದರಲ್ಲಿ ನಾನು ಮಾಡಿದ ಒಂದು ತಪ್ಪು ಎಂಥದ್ದೆಂದು ನನಗೇ ಪೂರ್ತಿ ಅರ್ಥವಾಗಲು ಹಲವು ವರ್ಷ ಬೇಕಾಯಿತು. ಅದನ್ನು ಹೇಳಬೇಕಾದರೆ ಈ ಇತಿಹಾಸವನ್ನೂ ಸ್ವಲ್ಪ ಹೇಳಲೇಬೇಕು.

ನಾನು ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದದ್ದು 1987ರಲ್ಲಿ. ಆಗಿನ್ನೂ ಇದು ಬೊಂಬಾಯಿ. ಫೋರ್ಟಿನ ಒಂದು ಸಣ್ಣ ಕಚೇರಿಯಲ್ಲಿ ಪ್ರೋಗ್ರಾಮರ್ ಕೆಲಸ ಸಿಕ್ಕಿತ್ತು. 1991ರಲ್ಲಿ ಸಂಘದ ಕಾರ್ಯದರ್ಶಿಗಳು ಕೆಂಪು ಬಟ್ಟೆಯ ರಟ್ಟಿನ ದಪ್ಪ ರಿಜಿಸ್ಟರೊಂದನ್ನು ಹಿಡಿದು ಮನೆಗೇ ಬಂದರು. "ರಾಜ್ಯೋತ್ಸವದ ಆಮಂತ್ರಣಕ್ಕೆ ವಿಳಾಸ ಬರೆದೂ ಬರೆದೂ ಕೈ ಸೋತಿತು. ಇದನ್ನ ನಿಮ್ಮ ಕಂಪ್ಯೂಟರಿಗೆ ಹಾಕಿಕೊಡ್ರಿ" ಎಂದರು. ರಿಜಿಸ್ಟರಿನ ಕಾಲಂಗಳು ಹೀಗಿದ್ದವು: ಕುಟುಂಬದ ಯಜಮಾನರ ಹೆಸರು, ವಿಳಾಸ, ಸೇರಿದ ದಿನಾಂಕ, ಚಂದಾ, ಪತ್ನಿಯ ಹೆಸರು, ಮಕ್ಕಳ ಸಂಖ್ಯೆ.

ನಾನು ಅದನ್ನೇ ಇದ್ದ ಹಾಗೆ ಡಿಬೇಸ್ ತ್ರೀ ಪ್ಲಸ್‌ನಲ್ಲಿ ಮಾಡಿದೆ. ಆ ಕಾಲದಲ್ಲಿ ಕೆಲಸ ಮಾಡಿದವರಿಗೆ ನೆನಪಿರಬಹುದು: ಕಿತ್ತಳೆ ಬಣ್ಣದ ಅಕ್ಷರದ ಪರದೆ, ಬೀಸಣಿಗೆಯಂತೆ ಬಳುಕುವ ದೊಡ್ಡ ಫ್ಲಾಪಿ, ಕರ್ರೋ ಎಂದು ಅರಚುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಕಾಲಮ್ಮಿನ ಹೆಸರು ಹತ್ತು ಅಕ್ಷರ ಮೀರುವಂತಿರಲಿಲ್ಲ. ಹೆಂಡತಿಯರ ಕಾಲಮ್ಮಿಗೆ ವೈಫ್‌ನೇಮ್ ಎಂದು ಇಟ್ಟೆ. ಒಂದು ಭಾನುವಾರ ಮಧ್ಯಾಹ್ನ ಇಡೀ ಸಂಘದ ವಿಳಾಸದ ಚೀಟಿಗಳು ಪ್ರಿಂಟರಿನಿಂದ ಸಾಲಾಗಿ ಇಳಿದಾಗ ಕಾರ್ಯದರ್ಶಿಗಳು ಮಗುವಿನಂತೆ ನಕ್ಕರು. ನನಗೂ ಹೆಮ್ಮೆ. ಸಣ್ಣದೊಂದು ಎಡವಟ್ಟು ಮಾತ್ರ ಆಗಿತ್ತು. ಮದುವೆಯಾಗದೆ ಹಾಸ್ಟೆಲಿನಲ್ಲಿದ್ದು ಬ್ಯಾಂಕು, ಶಾಲೆಗಳಲ್ಲಿ ದುಡಿಯುತ್ತಿದ್ದ ಕೆಲವು ಹೆಣ್ಣುಮಕ್ಕಳೂ ಸದಸ್ಯರಾಗಿದ್ದರು. ಅವರ ಹೆಸರು "ಯಜಮಾನ"ರ ಕಾಲಮ್ಮಿನಲ್ಲಿತ್ತು. ಪ್ರತಿ ಹೆಸರಿನ ಮುಂದೂ ನನ್ನ ಪ್ರೋಗ್ರಾಮು "ಶ್ರೀ" ಎಂದು ಅಚ್ಚು ಹಾಕಿತ್ತು. ಅವರು ನಕ್ಕು ಸುಮ್ಮನಾದರು. ನಾನೂ ನಕ್ಕೆ. ಆ ನಗುವಿನಲ್ಲಿ ಒಂದು ಎಚ್ಚರಿಕೆ ಇತ್ತು, ನನಗೆ ಕೇಳಿಸಲಿಲ್ಲ.

1997ರಲ್ಲಿ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಸಮಿತಿಯವರು ಹೆಸರು ತೆಗೆಯಲು ಹೇಳಿದರು. ತೆಗೆದೆ. ಡಿಬೇಸಿನಲ್ಲಿ ಡಿಲೀಟ್ ಎಂದರೆ ಸಾಲಿಗೆ ಬರೀ ಒಂದು ಗುರುತು ಬೀಳುತ್ತದೆ, ಬೇಕಾದರೆ ಮರಳಿ ಪಡೆಯಬಹುದು. ಪ್ಯಾಕ್ ಎಂದಾಗಲೇ ಅದು ಖಾಯಂ ಹೋಗುವುದು. ನಾನು ಅಚ್ಚುಕಟ್ಟಿನವಳು, ಪ್ಯಾಕೂ ಮಾಡಿದೆ.

ಆ ವರ್ಷದ ರಾಜ್ಯೋತ್ಸವದ ಆಮಂತ್ರಣ ಅವರ ಮನೆಗೆ ಹೋಗಲಿಲ್ಲ. ಅವರ ಪತ್ನಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಸಂಘದ ಅರಿಶಿನ ಕುಂಕುಮಕ್ಕೆ ಬೆಳಿಗ್ಗೆಯೇ ಬಂದು ರಂಗೋಲಿ ಹಾಕುತ್ತಿದ್ದವರು, ಹೊಸದಾಗಿ ಬಂದ ಸೊಸೆಯಂದಿರಿಗೆ ಲೋಕಲ್ ಟ್ರೇನು ಹತ್ತುವುದು, ಇಳಿಯುವುದು ಕಲಿಸಿದವರು. ನನಗೂ ಅವರೇ ಕಲಿಸಿದ್ದು. ಕಾರ್ಯಕ್ರಮ ಮುಗಿದು ಎರಡು ವಾರವಾದ ಮೇಲೆ ತರಕಾರಿ ಮಾರ್ಕೆಟಿನಲ್ಲಿ ಸಿಕ್ಕರು.

"ನಮ್ಮನಿಯವರು ಹೋದ್ರು ಖರೆ ತಂಗಿ. ನಾ ಇನ್ನೂ ಇದ್ದೀನಲ್ಲ? ನನ್ನ ಹೆಸರ ಯಾಕ ತಗದಿ?"

ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು. "ನಾನು ನಿಮ್ಮ ಹೆಸರು ತೆಗೆಯಲಿಲ್ಲ ಕಾಕು" ಎಂದು ಬಾಯಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ತೆಗೆಯಲಿಲ್ಲ ಎನ್ನುವುದು ಸತ್ಯ. ಆದರೆ ತೆಗೆಯಲು ಅವರ ಹೆಸರು ಪಟ್ಟಿಯಲ್ಲಿ ಬೇರೆಯಾಗಿ ಇರಲೇ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸತ್ಯ. ಅವರು ಪಟ್ಟಿಯಲ್ಲಿ ಒಬ್ಬ ವ್ಯಕ್ತಿಯಾಗಿರಲಿಲ್ಲ. ಇನ್ನೊಬ್ಬ ವ್ಯಕ್ತಿಯ ಬಗೆಗಿನ ಒಂದು ವಿವರವಾಗಿದ್ದರು, ಪಿನ್ ಕೋಡಿನ ಹಾಗೆ.

ಇಲ್ಲಿಂದ ಸ್ವಲ್ಪ ಹಿಂದಕ್ಕೆ, ಅಮೆರಿಕಕ್ಕೆ ಹೋಗೋಣ.

1960ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚಾರ್ಲ್ಸ್ ಬಾಕ್‌ಮನ್ ಎಂಬ ಎಂಜಿನಿಯರ್ ಇಂಟಿಗ್ರೇಟೆಡ್ ಡೇಟಾ ಸ್ಟೋರ್ ಎಂಬ ವ್ಯವಸ್ಥೆ ಕಟ್ಟಿದರು. ಡೇಟಾಬೇಸ್ ಎಂದು ಇವತ್ತು ನಾವು ಕರೆಯುವುದರ ಮೊದಲ ರೂಪಗಳಲ್ಲಿ ಅದೊಂದು. ಒಂದೊಂದು ದಾಖಲೆಯಲ್ಲೂ ಮುಂದಿನ ದಾಖಲೆ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಗುರುತು ಇರುತ್ತಿತ್ತು. ಗ್ರಾಹಕನಿಂದ ಅವನ ಆರ್ಡರಿಗೆ, ಆರ್ಡರಿನಿಂದ ವಸ್ತುವಿಗೆ ಸರಪಳಿ ಹಿಡಿದುಕೊಂಡು ಹೋಗಬೇಕು. 1973ರಲ್ಲಿ ಅವರಿಗೆ ಕಂಪ್ಯೂಟರ್ ಜಗತ್ತಿನ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಆಗಿನ ಭಾಷಣದಲ್ಲಿ ಅವರು ಪ್ರೋಗ್ರಾಮರನನ್ನು ನಾವಿಕನಿಗೆ ಹೋಲಿಸಿದರು. ದತ್ತಾಂಶದ ಸಮುದ್ರದಲ್ಲಿ ದಾರಿ ಬಲ್ಲವನು ಅವನು.

ನಾನು ಡಿಬೇಸಿನಲ್ಲಿ ಮಾಡುತ್ತಿದ್ದದ್ದೂ ಬಹುಪಾಲು ಅದೇ ಹರಿಗೋಲಿನ ಕೆಲಸ. ಗೋ ಟಾಪ್ ಎಂದರೆ ಮೊದಲ ಸಾಲಿಗೆ ಹೋಗು. ಸ್ಕಿಪ್ ಎಂದರೆ ಮುಂದಿನದಕ್ಕೆ ಜಿಗಿ. ಕೊನೆ ಬರುವ ತನಕ ಹೀಗೇ ಸುತ್ತು ಹಾಕು. ಎಲ್ಲಿ ನಿಂತಿದ್ದೇನೆ ಎಂದು ನಾನೇ ಲೆಕ್ಕ ಇಟ್ಟುಕೊಳ್ಳಬೇಕು.

ಐಬಿಎಂ ಕಂಪನಿಯ ದಾರಿ ಬೇರೆ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸುವ ಅಪೋಲೋ ಯೋಜನೆಯ ಅಸಂಖ್ಯ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ ಅದರ ಐಎಂಎಸ್ ವ್ಯವಸ್ಥೆ 1968ರಲ್ಲಿ ಕೆಲಸ ಶುರುಮಾಡಿತು. ಅದರ ರಚನೆ ಮರದಂತೆ, ವಂಶವೃಕ್ಷದಂತೆ. ಮೇಲೊಂದು ದಾಖಲೆ, ಅದರ ಕೆಳಗೆ ಮಕ್ಕಳು, ಅವುಗಳ ಕೆಳಗೆ ಮೊಮ್ಮಕ್ಕಳು. ಎಂಜಿನ್, ಅದರೊಳಗೆ ಪಂಪು, ಪಂಪಿನೊಳಗೆ ಕವಾಟ. ರಾಕೆಟ್ಟಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಇದರ ಎರಡು ಗುಣಗಳನ್ನು ಗಮನಿಸಿ. ಮೇಲಿನಿಂದ ಕೆಳಗೆ ಕೇಳುವ ಪ್ರಶ್ನೆ ಸುಲಭ, ಕೆಳಗಿನಿಂದ ಮೇಲಕ್ಕೆ ಕಷ್ಟ. ಮತ್ತೆ, ಮೇಲಿನ ದಾಖಲೆಯನ್ನು ಅಳಿಸಿದರೆ ಅದರ ಕೆಳಗಿರುವುದೆಲ್ಲ ಜೊತೆಗೇ ಅಳಿಯುತ್ತದೆ.

ಕಾಕುವಿಗೆ ಆದದ್ದು ಅದೇ. ನನ್ನ ಡಿಬೇಸ್ ಮರದ ರಚನೆಯದ್ದಲ್ಲ. ಆದರೆ ನಾನು ನಕಲು ಮಾಡಿದ ಕೆಂಪು ರಿಜಿಸ್ಟರಿನೊಳಗೆ ಆ ಮರ ಮೊದಲೇ ಬೆಳೆದು ನಿಂತಿತ್ತು. ಯಂತ್ರ ಬದಲಾಯಿತು, ಮರ ಹಾಗೇ ಉಳಿಯಿತು.

ಈ ಮರವನ್ನೂ ಸರಪಳಿಯನ್ನೂ ಒಪ್ಪದವರು ಎಡ್ಗರ್ ಕಾಡ್. ಇಂಗ್ಲೆಂಡಿನವರು, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದವರು, ಆಕ್ಸ್‌ಫರ್ಡಿನಲ್ಲಿ ಗಣಿತ ಓದಿದವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿದ್ದಾಗ, 1970ರ ಜೂನ್‌ನಲ್ಲಿ, ಅವರ ಹತ್ತು ಹನ್ನೊಂದು ಪುಟದ ಒಂದು ಲೇಖನ ಪ್ರಕಟವಾಯಿತು. ಅದರ ತಿರುಳು ಹೇಳಿದರೆ ತೀರಾ ಸರಳ ಅನಿಸುತ್ತದೆ: ಮಾಹಿತಿ ಬೇಕಾದವರಿಗೆ, ಅದು ಯಂತ್ರದೊಳಗೆ ಹೇಗೆ ಜೋಡಣೆಯಾಗಿದೆ ಎಂದು ತಿಳಿದಿರಲೇಬೇಕೆಂಬ ಕಷ್ಟ ಇರಬಾರದು. ಬಿಡಿಭಾಗಗಳು ಮತ್ತು ಅವು ಬಳಕೆಯಾಗುವ ಯೋಜನೆಗಳು ಎಂಬ ಒಂದೇ ಮಾಹಿತಿಯನ್ನು ಐದು ರೀತಿಯಲ್ಲಿ ಮರಗಳಾಗಿ ಜೋಡಿಸಿ ತೋರಿಸಿದರು. ಒಂದು ಜೋಡಣೆಗೆ ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ಕೆಲಸ ಮಾಡುವುದಿಲ್ಲ. ಮಾಹಿತಿ ಅದೇ, ಪ್ರಶ್ನೆ ಅದೇ, ಕಪಾಟು ಮಾತ್ರ ಬೇರೆ. ಅಷ್ಟಕ್ಕೇ ಉತ್ತರ ನಿಂತುಹೋಗುತ್ತದೆ.

ಕಾಡ್ ಅವರ ಪರಿಹಾರ, ಎಲ್ಲವನ್ನೂ ಸರಳ ಟೇಬಲ್ಲುಗಳಲ್ಲಿ ಇಡುವುದು. ಇದಕ್ಕೆ ಅವರು ಕೊಟ್ಟ ಹೆಸರು ರಿಲೇಷನಲ್ ಮಾದರಿ. ಇಲ್ಲಿ ರಿಲೇಷನ್ ಎಂದರೆ ನೆಂಟಸ್ತಿಕೆಯಲ್ಲ, ಗಣಿತದ ಗಣ ಸಿದ್ಧಾಂತದ ಪದ. ಒಂದು ಸಾಲು ಎಂದರೆ ಒಂದು ಸಂಗತಿ. ಎರಡು ಟೇಬಲ್ಲುಗಳ ನಡುವೆ ಗುಪ್ತ ಸರಪಳಿ ಇಲ್ಲ. ಎರಡರಲ್ಲೂ ಒಂದೇ ಸದಸ್ಯ ಸಂಖ್ಯೆ ಇದ್ದರೆ ಹೊಂದಿಸಿಕೊಳ್ಳಬಹುದು, ಅಷ್ಟೇ. ಆಗ ಮೇಲೂ ಇಲ್ಲ, ಕೆಳಗೂ ಇಲ್ಲ. ಯಾವ ತುದಿಯಿಂದ ಬೇಕಾದರೂ ಪ್ರಶ್ನೆ ಕೇಳಬಹುದು.

ಇದರ ಜೊತೆಗೇ ಅವರು ಇನ್ನೊಂದು ಶಿಸ್ತನ್ನೂ ಬೆಳೆಸಿದರು. ಎರಡು ಬೇರೆ ಸಂಗತಿಗಳನ್ನು ಒಂದೇ ಸಾಲಿನಲ್ಲಿ ಕಟ್ಟಿಹಾಕಬೇಡಿ. ಕಟ್ಟಿದರೆ ಒಂದನ್ನು ಅಳಿಸುವಾಗ ಇನ್ನೊಂದೂ ಹೋಗುತ್ತದೆ. ಇದನ್ನು ನಾನು 1993ರಲ್ಲೇ ದಾದರಿನ ಒಂದು ಸಂಜೆಯ ಕ್ಲಾಸಿನಲ್ಲಿ ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಉದಾಹರಣೆಯಲ್ಲಿ ವಿದ್ಯಾರ್ಥಿ ಮತ್ತು ಕೋರ್ಸು ಇದ್ದವು. ಗಂಡ ಹೆಂಡತಿ ಇರಲಿಲ್ಲ. ಹಾಗಾಗಿ ಕಾಕುವಿನ ವಿಷಯದಲ್ಲಿ ನನಗೆ ಅದು ಹೊಳೆಯಲೇ ಇಲ್ಲ!

ಕಾಡ್ ಅವರ ಮಾತು ಸುಲಭವಾಗಿ ನಡೆಯಲಿಲ್ಲ. ಐಬಿಎಂಗೆ ಐಎಂಎಸ್‌ನಿಂದ ಒಳ್ಳೆಯ ಆದಾಯವಿತ್ತು. ಮನೆಯೊಳಗಿನವರೇ ಅದನ್ನು ಅಲುಗಾಡಿಸುವುದು ಯಾರಿಗೆ ಬೇಕು? 1974ರಲ್ಲಿ ಮಿಚಿಗನ್ನಿನ ಆನ್ ಆರ್ಬರ್‌ನಲ್ಲಿ ಬಾಕ್‌ಮನ್ ಮತ್ತು ಕಾಡ್ ಅವರ ನಡುವೆ ಬಹಿರಂಗ ಚರ್ಚೆಯೇ ನಡೆಯಿತು. ದಾರಿ ತಿಳಿದ ನಾವಿಕ ಬೇಕೇ, ಏನು ಬೇಕೆಂದಷ್ಟೇ ಹೇಳಿದರೆ ಸಾಕೇ? ಅದೇ ಸಭೆಯಲ್ಲಿ ಇಬ್ಬರು ತರುಣರು ಒಂದು ಪ್ರಬಂಧ ಮಂಡಿಸಿದರು. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್. ಅವರ ಭಾಷೆಯ ಹೆಸರು ಸೀಕ್ವೆಲ್. ಆಮೇಲೆ ಆ ಹೆಸರು ಒಂದು ವಿಮಾನ ಕಂಪನಿಯ ಟ್ರೇಡ್‌ಮಾರ್ಕ್ ಎಂದು ತಿಳಿದು ಎಸ್‌ಕ್ಯೂಎಲ್ ಆಯಿತು. ಬಾಯ್ಸ್ ಅದೇ 1974ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮೆದುಳಿನ ರಕ್ತನಾಳ ಒಡೆದು ತೀರಿಕೊಂಡರು.

ಚೇಂಬರ್ಲಿನ್ ಮುಂದೆ ನೆನಪಿಸಿಕೊಂಡ ಒಂದು ಸಂಗತಿ ನನಗೆ ಇಷ್ಟ. ಹಳೆಯ ಪದ್ಧತಿಯಲ್ಲಿ ಐದು ಪುಟ ಹಿಡಿಯುವಂಥ ಪ್ರಶ್ನೆಗಳನ್ನು ಕಾಡ್ ಒಂದೊಂದೇ ಸಾಲಿನಲ್ಲಿ ಬರೆದು ತೋರಿಸುತ್ತಿದ್ದರಂತೆ. ತಮ್ಮ ಮ್ಯಾನೇಜರಿಗಿಂತ ಹೆಚ್ಚು ಸಂಬಳ ಪಡೆಯುವ ನೌಕರರು ಯಾರು, ಎಂಬಂಥವು. ಆದರೆ ಕಾಡ್ ಬರೆದದ್ದು ಗಣಿತದ ಚಿಹ್ನೆಗಳಲ್ಲಿ. ಚೇಂಬರ್ಲಿನ್, ಬಾಯ್ಸ್ ಮೊದಲು ಮಾಡಿದ ಸ್ಕ್ವೇರ್ ಎಂಬ ಭಾಷೆಯಲ್ಲೂ ಅಕ್ಷರಗಳನ್ನು ಗೆರೆಯ ಕೆಳಗೆ ಬರೆಯಬೇಕಿತ್ತು. ಕೀಬೋರ್ಡಿನಲ್ಲಿ ಅದು ಬರುತ್ತಿರಲಿಲ್ಲ. ಆದ್ದರಿಂದ ಸೀಕ್ವೆಲ್ ಅನ್ನು ಸರಳ ಇಂಗ್ಲಿಷಿನ ಹತ್ತಿರಕ್ಕೆ ತಂದರು.

ಇಲ್ಲಿ ಇಬ್ಬರು ಮಹಿಳೆಯರನ್ನು ಹೆಸರಿಸಲೇಬೇಕು. ಪಠ್ಯಪುಸ್ತಕಗಳು ಒಬ್ಬರನ್ನು ಅಷ್ಟಿಷ್ಟು ನೆನೆಯುತ್ತವೆ, ಇನ್ನೊಬ್ಬರನ್ನು ಹೆಚ್ಚಾಗಿ ಮರೆಯುತ್ತವೆ.

ಮರೆತವರು ಫಿಲಿಸ್ ರೈಸ್ನರ್. ಅವರೂ ಸ್ಯಾನ್ ಹೋಸೆಯ ಐಬಿಎಂನವರು. "ಈ ಭಾಷೆ ಸುಲಭ" ಎಂದು ಅದನ್ನು ಮಾಡಿದವರು ಹೇಳಿದರೆ ಸಾಕೇ? ಕಲಿಯುವವರನ್ನು ಕೂರಿಸಿ ನೋಡಬೇಡವೇ? ಪ್ರೋಗ್ರಾಮಿಂಗ್ ಬಲ್ಲವರು, ಬಾರದವರು ಎಂಬ ಎರಡೂ ಬಗೆಯ ಕಾಲೇಜು ವಿದ್ಯಾರ್ಥಿಗಳಿಗೆ ಸ್ಕ್ವೇರ್ ಮತ್ತು ಸೀಕ್ವೆಲ್ ಕಲಿಸಿ, ಪರೀಕ್ಷೆ ಕೊಟ್ಟು, ಎಲ್ಲೆಲ್ಲಿ ಎಡವುತ್ತಾರೆ ಎಂದು ನೋಡಿದರು. ಬಾಯ್ಸ್, ಚೇಂಬರ್ಲಿನ್ ಜೊತೆಗಿನ ಅವರ ವರದಿ 1975ರಲ್ಲಿ ಬಂತು. ಒಂದು ಪ್ರಶ್ನಾಭಾಷೆಯನ್ನು ಸಾಮಾನ್ಯ ಜನರ ಮೇಲೆ ಹೀಗೆ ಪರೀಕ್ಷಿಸಿ ನೋಡಿದ ಆರಂಭದ ಪ್ರಯತ್ನಗಳಲ್ಲಿ ಅದೊಂದು. ತಪ್ಪುಗಳಲ್ಲಿ ಎಷ್ಟೋ ಸಣ್ಣವು: ಕಾಗುಣಿತ, ಪದದ ಕೊನೆಯ ಪ್ರತ್ಯಯ. ಯಂತ್ರ ಅಷ್ಟಕ್ಕೇ ಹಟ ಹಿಡಿಯುತ್ತದೆ, ಮನುಷ್ಯರು ಹಿಡಿಯುವುದಿಲ್ಲ. ಎಂಬತ್ತರ ನನ್ನ ಅತ್ತೆಗೆ ಮೊಬೈಲ್ ಕಲಿಸಿದ ಮೇಲೆ ಈ ಮಾತು ನನಗೆ ಇನ್ನೂ ಚೆನ್ನಾಗಿ ಅರ್ಥವಾಗಿದೆ.

ಇನ್ನೊಬ್ಬರು ಪೆಟ್ರೀಷಿಯಾ ಸೆಲಿಂಜರ್. ಏನು ಬೇಕೆಂದಷ್ಟೇ ಹೇಳಿದರೆ ಸಾಕು ಎಂದು ಕಾಡ್ ಮಾತು ಕೊಟ್ಟರು. ಆದರೆ ದಾರಿ ಹುಡುಕುವ ಕೆಲಸ ಯಾರದೋ ಒಬ್ಬರದು ಆಗಲೇಬೇಕಲ್ಲ? ಮನೆಯಲ್ಲಿ "ಇವತ್ತು ಹೋಳಿಗೆ ಆಗಲಿ" ಎಂದು ಹೇಳುವುದು ಸುಲಭ, ಕಡಲೆಬೇಳೆ ಯಾವಾಗ ಬೇಯಿಸಬೇಕು, ಕಣಕ ಯಾವಾಗ ನಾದಬೇಕು ಎಂದು ನೋಡುವವರು ಬೇರೆ. ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ವಿಧಾನ ಹೀಗಿದೆ: ಒಂದು ಪ್ರಶ್ನೆಗೆ ಉತ್ತರ ಹುಡುಕುವ ಹಲವು ದಾರಿಗಳನ್ನು ಯಂತ್ರವೇ ಪಟ್ಟಿಮಾಡಿ, ಟೇಬಲ್ಲಿನಲ್ಲಿ ಎಷ್ಟು ಸಾಲಿವೆ, ಸೂಚಿ ಇದೆಯೇ ಎಂಬ ಅಂಕಿಗಳಿಂದ ಪ್ರತಿಯೊಂದರ ಖರ್ಚನ್ನು ಅಂದಾಜು ಮಾಡಿ, ಅಗ್ಗದ್ದನ್ನು ಆರಿಸಿಕೊಳ್ಳುವುದು. ಇಂದಿಗೂ ನಮ್ಮ ಬ್ಯಾಂಕು, ರೈಲ್ವೆ ಟಿಕೆಟ್ಟುಗಳ ಹಿಂದಿರುವಂಥ ರಿಲೇಷನಲ್ ವ್ಯವಸ್ಥೆಗಳಲ್ಲಿ ಹೆಚ್ಚಿನವು ಇದೇ ಜಾಡಿನಲ್ಲಿ ನಡೆಯುತ್ತವೆ. ಸೆಲಿಂಜರ್ ಇಲ್ಲದಿದ್ದರೆ ಕಾಡ್ ಅವರ ಮಾದರಿ ಚೆಂದದ ಗಣಿತವಾಗಿ ಪುಸ್ತಕದಲ್ಲೇ ಉಳಿಯುತ್ತಿತ್ತೋ ಏನೋ, ಎಂಬುದು ನನ್ನ ಅಭಿಪ್ರಾಯ.

ಅದೇ 1979ರಲ್ಲಿ ಒರಾಕಲ್ ಮಾರುಕಟ್ಟೆಗೆ ಬಂತು, 1986ರಲ್ಲಿ ಎಸ್‌ಕ್ಯೂಎಲ್ ಅಮೆರಿಕದಲ್ಲಿ ಅಧಿಕೃತ ಮಾನಕವಾಯಿತು. ಆ ವ್ಯಾಪಾರದ ಕಥೆ ದೊಡ್ಡದು, ಇಲ್ಲಿ ಬೇಡ.

ಕನ್ನಡದವಳಾಗಿ ಒಂದು ಮಾತು ಮಾತ್ರ ಸೇರಿಸುತ್ತೇನೆ. ಎಸ್‌ಕ್ಯೂಎಲ್‌ನಲ್ಲಿ ಠಾಣೆಯಲ್ಲಿರುವ ಸದಸ್ಯರ ಹೆಸರು ಬೇಕಾದರೆ ಹೀಗೆ ಬರೆಯಬೇಕು: ಸೆಲೆಕ್ಟ್ ಹೆಸರು, ಫ್ರಮ್ ಸದಸ್ಯರು, ವೇರ್ ಊರು ಸಮ ಠಾಣೆ. ಇಂಗ್ಲಿಷಿನ ಆಜ್ಞೆಯ ರೀತಿ, ಕ್ರಿಯಾಪದ ಮೊದಲು. ಆದರೆ ಇದರ ಅರ್ಥವನ್ನು ಬಿಡಿಸುವ ಕ್ರಮ ಬೇರೆ: ಮೊದಲು ಯಾವ ಟೇಬಲ್ಲು, ಆಮೇಲೆ ಯಾವ ಸಾಲುಗಳು, ಕೊನೆಗೆ ಯಾವ ಕಾಲಮ್ಮು. ನಾವು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? "ಸದಸ್ಯರಲ್ಲಿ, ಠಾಣೆಯಲ್ಲಿರುವವರ, ಹೆಸರು ಕೊಡು." ಅದೇ ಕ್ರಮ! ದಾದರಿನ ಕ್ಲಾಸಿನಲ್ಲಿ ಉಳಿದವರು ತಿಣುಕುತ್ತಿದ್ದಾಗ ನಾನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡು ಹಿಂದಿನಿಂದ ಮುಂದಕ್ಕೆ ಬರೆದುಬಿಡುತ್ತಿದ್ದೆ.

ಕಾಕು ಮಾರ್ಕೆಟಿನಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ಎಸ್‌ಕ್ಯೂಎಲ್ ಸಾಕಾಗಲಿಲ್ಲ. ಎಂಥ ಒಳ್ಳೆಯ ಪ್ರಶ್ನಾಭಾಷೆಯೂ ಟೇಬಲ್ಲಿನಲ್ಲಿ ಇದ್ದದ್ದನ್ನಷ್ಟೇ ಕೊಡುತ್ತದೆ. ಟೇಬಲ್ಲು ಮಾಡುವ ಮೊದಲು ಒಬ್ಬರು ಕೂತು ಯೋಚಿಸಬೇಕು: ಈ ಲೋಕದಲ್ಲಿ ಯಾವುದು ತಾನೇ ಒಂದು ವಸ್ತು, ಯಾವುದು ಇನ್ನೊಂದರ ಗುಣ?

1976ರಲ್ಲಿ ಪೀಟರ್ ಚೆನ್ ಈ ಯೋಚನೆಗೆ ಒಂದು ಚಿತ್ರಭಾಷೆ ಕೊಟ್ಟರು. ತೈವಾನಿನಲ್ಲಿ ಹುಟ್ಟಿದವರು, ಆಗ ಎಂಐಟಿಯಲ್ಲಿದ್ದರು. ವಸ್ತುವಿಗೆ ಚೌಕ, ವಸ್ತುಗಳ ನಡುವಿನ ಸಂಬಂಧಕ್ಕೆ ವಜ್ರಾಕೃತಿ. ಕಂಪ್ಯೂಟರನ್ನು ಮುಟ್ಟುವ ಮೊದಲೇ ಕಾಗದದ ಮೇಲೆ ಲೋಕವನ್ನು ಬರೆದುಕೊಳ್ಳಿ ಎಂಬುದು ಅದರ ಅರ್ಥ. ಮಾತಿನ ನಾಮಪದಗಳು ಬಹುಮಟ್ಟಿಗೆ ಚೌಕಗಳಾಗುತ್ತವೆ, ಕ್ರಿಯಾಪದಗಳು ವಜ್ರಗಳಾಗುತ್ತವೆ ಎಂದು ಅವರು ಮುಂದೆ ತೋರಿಸಿದರು. ಚೀನೀ ಲಿಪಿಯ ಚಿತ್ರಾಕ್ಷರಗಳು ಲೋಕವನ್ನು ಹಿಡಿಯುವ ರೀತಿಯೊಂದಿಗೂ ತಮ್ಮ ಮಾದರಿಯನ್ನು ಹೋಲಿಸಿ ಬರೆದಿದ್ದಾರೆ. ಮರುವರ್ಷ, 1977ರಲ್ಲಿ, ಡಯಾನ್ ಸ್ಮಿತ್ ಮತ್ತು ಜಾನ್ ಸ್ಮಿತ್ ಇನ್ನೊಂದು ಮೆಟ್ಟಿಲು ಸೇರಿಸಿದರು: ಬೇರೆ ಬೇರೆ ಬಗೆಗಳನ್ನು ಒಂದು ಸಾಮಾನ್ಯ ಪರಿಕಲ್ಪನೆಯ ಕೆಳಗೆ ತರುವುದು ಹೇಗೆ. ನಮ್ಮ ಆಜೀವ ಸದಸ್ಯ, ವಿದ್ಯಾರ್ಥಿ ಸದಸ್ಯ, ವಾರ್ಷಿಕ ಸದಸ್ಯ ಎಲ್ಲರೂ ಮೊದಲು ಸದಸ್ಯರೇ ಎನ್ನುವ ಹಾಗೆ.

1978ರಲ್ಲಿ ಐಬಿಎಂನ ವಿಲಿಯಂ ಕೆಂಟ್ ಬರೆದ ಡೇಟಾ ಅಂಡ್ ರಿಯಾಲಿಟಿ ಎಂಬ ಪುಸ್ತಕವನ್ನು ನಾನು ಬಹಳ ತಡವಾಗಿ ಓದಿದೆ. ಅದು ಕಂಪ್ಯೂಟರ್ ಪುಸ್ತಕಕ್ಕಿಂತ ಹೆಚ್ಚಾಗಿ ತರ್ಕಶಾಸ್ತ್ರದ ಪುಸ್ತಕ. "ಒಂದು" ಎಂದರೇನು ಎಂದು ಕೇಳುತ್ತದೆ. ಗ್ರಂಥಾಲಯದಲ್ಲಿ ಒಂದೇ ಕೃತಿಯ ಐದು ಪ್ರತಿಗಳಿದ್ದರೆ ಪುಸ್ತಕ ಒಂದೋ ಐದೋ? ಉತ್ತರ ಲೋಕದಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಪಟ್ಟಿ ಮಾಡುವವರು ತೀರ್ಮಾನಿಸುತ್ತಾರೆ. ಅದನ್ನು ಓದುವಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಕುಟುಂಬ ಒಂದೋ, ಅದರೊಳಗಿನವರು ಇಬ್ಬರೋ? ನಾನು ತೀರ್ಮಾನಿಸಿರಲಿಲ್ಲ. ಕೆಂಪು ರಿಜಿಸ್ಟರು ತೀರ್ಮಾನಿಸಿತ್ತು, ನಾನು ಅಚ್ಚು ಹಾಕಿದ್ದೆ.

ಇದೇ ಹೊತ್ತಿಗೆ ಯೂರೋಪಿನಲ್ಲಿ ಇನ್ನೊಂದು ದಾರಿ ಬೆಳೆಯುತ್ತಿತ್ತು. ಬ್ರಸೆಲ್ಸಿನಲ್ಲಿ ಕಂಟ್ರೋಲ್ ಡೇಟಾ ಕಂಪನಿಯ ಸಂಶೋಧಕರಾಗಿದ್ದ ನೈಸೆನ್ ಮತ್ತು ಸಂಗಡಿಗರು ಚೌಕ, ವಜ್ರಗಳಿಗೂ ಮೊದಲು ವಾಕ್ಯದಿಂದ ಶುರುಮಾಡಿ ಎಂದರು. ಆ ಕೆಲಸ ಬಲ್ಲವರ ಬಾಯಿಂದ ಚಿಕ್ಕ ಚಿಕ್ಕ ವಾಕ್ಯ ಹೇಳಿಸಿ. "ಇವರು ಈ ಊರಿನಲ್ಲಿ ವಾಸಿಸುತ್ತಾರೆ." "ಇವರು ಇವರನ್ನು ಮದುವೆಯಾಗಿದ್ದಾರೆ." ಇನ್ನು ಒಡೆಯಲು ಬಾರದಷ್ಟು ಚಿಕ್ಕ ವಾಕ್ಯ ಒಂದು ಸಂಗತಿ. ಅಂಥ ವಾಕ್ಯಗಳಿಂದಲೇ ಮಾದರಿ ಕಟ್ಟಿ. ಆ ಬಳಗದ ರಾಬರ್ಟ್ ಮೀರ್ಸ್‌ಮನ್ 1982ರಲ್ಲಿ ರಿಡ್ಲ್ ಎಂಬ ಭಾಷೆಯನ್ನೂ ಮಾಡಿದರು. ಅದರಲ್ಲಿ ಪ್ರಶ್ನೆ ಕೇಳುವುದು ಟೇಬಲ್ಲುಗಳನ್ನಲ್ಲ, ಪರಿಕಲ್ಪನೆಗಳನ್ನು. ಮುಂದೆ ಆಸ್ಟ್ರೇಲಿಯಾದ ಟೆರಿ ಹಾಲ್ಪಿನ್ ಈ ವಿಧಾನವನ್ನು ಬೆಳೆಸಿದರು; ಅವರು ಮತ್ತು ಆಂಟನಿ ಬ್ಲೋಶ್ 1996ರಲ್ಲಿ ಕಾನ್ಕರ್ ಎಂಬ ಪ್ರಶ್ನಾಭಾಷೆಯನ್ನು ಮುಂದಿಟ್ಟರು. ವ್ಯಕ್ತಿ ಎಂಬಲ್ಲಿ ಶುರುಮಾಡಿ "ವಾಸಿಸುತ್ತಾರೆ" ಎಂಬ ಸಂಬಂಧ ಹಿಡಿದು ಊರಿಗೆ ಹೋದರೆ ಸಾಕು. ಹಿಂದೆ ಎಷ್ಟು ಟೇಬಲ್ಲು, ಯಾವ ಕಾಲಮ್ಮು ಎಂದು ಕೇಳುವವರಿಗೆ ತಿಳಿದಿರಬೇಕಾಗಿಲ್ಲ. ಬೇಕಾದ ಎಸ್‌ಕ್ಯೂಎಲ್ ಅನ್ನು ಯಂತ್ರವೇ ಬರೆದುಕೊಳ್ಳುತ್ತದೆ.

ಕಾಡ್ ಕೊಟ್ಟ ಮಾತು ಎಸ್‌ಕ್ಯೂಎಲ್‌ನಲ್ಲಿ ಅರ್ಧ ಮಾತ್ರ ಈಡೇರಿತ್ತು ಎಂದು ನನಗೆ ಅರಿವಾದದ್ದು ಇದನ್ನು ಓದಿದಾಗ. ಡಿಸ್ಕಿನೊಳಗಿನ ದಾರಿ ಗೊತ್ತಿರಬೇಕಿಲ್ಲ, ಸರಿ. ಆದರೆ ಟೇಬಲ್ಲುಗಳ ಹೆಸರು, ಯಾವುದನ್ನು ಯಾವುದಕ್ಕೆ ಹೊಂದಿಸಬೇಕು, ಎಲ್ಲಾ ಗೊತ್ತಿರಲೇಬೇಕು. ನಾವಿಕರ ಕಾಲ ಮುಗಿದಿರಲಿಲ್ಲ, ಸಮುದ್ರ ಸಣ್ಣದಾಗಿತ್ತು ಅಷ್ಟೇ. ಕಾನ್ಕರ್, ರಿಡ್ಲ್ ಮಾರುಕಟ್ಟೆಯಲ್ಲಿ ಎಸ್‌ಕ್ಯೂಎಲ್ ಎದುರು ನಿಲ್ಲಲಿಲ್ಲ. ಈಗ ನನ್ನ ಮಗಳು ತನ್ನ ಕಚೇರಿಯಲ್ಲಿ ಮಾಮೂಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಟೈಪ್ ಮಾಡುತ್ತಾಳೆ, ಎಐ ಅದನ್ನು ಎಸ್‌ಕ್ಯೂಎಲ್‌ಗೆ ತಿರುಗಿಸುತ್ತದೆ. "ಅಮ್ಮಾ, ನಿನ್ನ ವಿದ್ಯೆ ಹಳೆಯದಾಯಿತು" ಎಂದು ನಗುತ್ತಾಳೆ. "ಹೆಂಡತಿಯರು ಪಿನ್ ಕೋಡಿನ ಹಾಗಿರುವ ಟೇಬಲ್ಲು ಕೊಟ್ಟು ಕೇಳಿ ನೋಡು" ಎನ್ನುತ್ತೇನೆ.

ನಮ್ಮ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಕಾಕು ಕೇಳಿದ ವಾರವೇ ನಾನೊಂದು ತೇಪೆ ಹಾಕಿದೆ. ಅವರ ಹೆಸರನ್ನು ಯಜಮಾನರ ಕಾಲಮ್ಮಿಗೆ ಏರಿಸಿದೆ. ಮುಂದಿನ ಕಾರ್ಯಕ್ರಮದ ಲಕೋಟೆಯಲ್ಲಿ ಹೆಸರು ಸರಿಯಾಗಿತ್ತು, ಹಿಂದೆ "ಶ್ರೀ" ಇತ್ತು. ನಿಜವಾದ ರಿಪೇರಿ ಆದದ್ದು 1999ರಲ್ಲಿ. ಎರಡು ಸಾವಿರನೇ ಇಸವಿ ಬಂದರೆ ಎಲ್ಲಾ ಕಂಪ್ಯೂಟರು ಕೆಡುತ್ತವೆ ಎಂಬ ಗುಲ್ಲಿನಲ್ಲಿ ಸಮಿತಿಯವರು ಹೊಸ ಪಟ್ಟಿಗೆ ಒಪ್ಪಿದರು. ಈ ಸಲ ನಾನು ಮೊದಲು ಕಂಪ್ಯೂಟರ್ ಹಚ್ಚಲಿಲ್ಲ. ಮಹಿಳಾ ವಿಭಾಗದ ನಾಲ್ಕು ಜನ ನಮ್ಮ ಮನೆಯಲ್ಲಿ ಚಹಾ, ಅವಲಕ್ಕಿ ಜೊತೆ ಕೂತು ವಾಕ್ಯಗಳನ್ನು ಹೇಳಿದರು, ನಾನು ಬರೆದುಕೊಂಡೆ. ವ್ಯಕ್ತಿ ಒಂದು ಟೇಬಲ್ಲು, ಮನೆ ಒಂದು ಟೇಬಲ್ಲು, ಯಾರು ಯಾವ ಮನೆಯಲ್ಲಿ ಎಂಬುದು ಮೂರನೆಯದು. "ಮದುವೆಯಾಗಿ ಮರಾಠಿಯವರ ಮನೆಗೆ ಹೋದ ನಮ್ಮ ಹುಡುಗಿಯರು?" ಎಂದು ಒಬ್ಬರು ಕೇಳಿದರು. ಹಳೆಯ ಪಟ್ಟಿಯಲ್ಲಿ ಅವರು ತಂದೆಯ ಸಾಲಿನಲ್ಲಿ ಮಕ್ಕಳ ಸಂಖ್ಯೆ ಎಂಬ ಒಂದು ಅಂಕಿ, ಮದುವೆಯಾದ ಮೇಲೆ ಆ ಅಂಕಿಯಲ್ಲಿ ಒಂದು ಕಡಿಮೆ. ಹೊಸದರಲ್ಲಿ ಅವರು ಹೋದದ್ದು ಬೇರೆ ಮನೆಗೆ, ಪಟ್ಟಿಯಿಂದ ಹೊರಕ್ಕಲ್ಲ.

ಸಮಿತಿಯಲ್ಲಿ ಸ್ವಲ್ಪ ಗೊಣಗಾಟವಾಯಿತು. "ಒಂದು ಮನೆಗೆ ಎರಡು ಸಾಲು ಯಾಕೆ? ಅಂಚೆ ಖರ್ಚು ಎರಡರಷ್ಟಾಗುತ್ತದೆ." ಲಕೋಟೆ ಮನೆಗೆ ಒಂದೇ ಹೋಗುತ್ತದೆ, ಸಾಲು ಮಾತ್ರ ಎರಡು ಎಂದು ತೋರಿಸಿದ ಮೇಲೆ ಸುಮ್ಮನಾದರು. ಆ ವರ್ಷದ ಸರ್ವಸದಸ್ಯರ ಸಭೆಗೆ ಮೊದಲು, ಮತ ಹಾಕುವ ಹಕ್ಕಿರುವವರು ಎಷ್ಟು ಜನ ಎಂದು ಯಾರೋ ಕೇಳಿದರು. ಹೊಸ ಪಟ್ಟಿ ಕೊಟ್ಟ ಸಂಖ್ಯೆ ಹಳೆಯದಕ್ಕಿಂತ ಬಹಳ ದೊಡ್ಡದಿತ್ತು. ಆಗ ಮತ್ತೆ ಗೊಣಗಾಟ, ಈ ಸಲ ಸ್ವಲ್ಪ ಜೋರಾಗಿ. ನಿಯಮಾವಳಿ ತೆಗೆದು ಓದಿದರು. ಅದರಲ್ಲಿ "ಸದಸ್ಯರು" ಎಂದಿತ್ತು, "ಯಜಮಾನರು" ಎಂದಿರಲಿಲ್ಲ.

ಕೊನೆಗೆ ಸಿಕ್ಕಿಕೊಂಡದ್ದು "ಸೇರಿದ ದಿನಾಂಕ". ಗಂಡಂದಿರ ಸಾಲಿನಲ್ಲೆಲ್ಲ ಅದು ಇತ್ತು, ಹೆಂಗಸರ ಸಾಲಿನಲ್ಲಿ ಒಂದಕ್ಕೂ ಇಲ್ಲ. ಯಾರೂ ಬರೆದಿಟ್ಟಿರಲೇ ಇಲ್ಲ. ಗಂಡನ ದಿನಾಂಕವನ್ನೇ ಹಾಕಿಬಿಡಿ ಎಂದರು ಕೆಲವರು. ಎಷ್ಟೋ ಜನ ಗಂಡ ಸೇರಿ ಹತ್ತು ವರ್ಷವಾದ ಮೇಲೆ ಮದುವೆಯಾಗಿ ಬಂದವರು; ಹಾಗೆ ಹಾಕಿದರೆ ಸುಳ್ಳಾಗುತ್ತದೆ. ಕಾಡ್ ಇದಕ್ಕೂ ಒಂದು ದಾರಿ ಇಟ್ಟಿದ್ದರು, ನಲ್ ಎಂಬ ಖಾಲಿ ಗುರುತು. ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ, ಇಲ್ಲಿ ಬೆಲೆ ಇಲ್ಲ ಎಂಬ ಸೂಚನೆ. ಇದ್ದೂ ತಿಳಿಯದ್ದು ಬೇರೆ, ಅನ್ವಯವೇ ಆಗದ್ದು ಬೇರೆ, ಎರಡಕ್ಕೂ ಬೇರೆ ಗುರುತು ಬೇಕು ಎಂದು ಅವರು ಮುಂದೆ ವಾದಿಸಿದರೂ ಎಸ್‌ಕ್ಯೂಎಲ್‌ನಲ್ಲಿ ಒಂದೇ ನಲ್ ಉಳಿಯಿತು. ಹಾಸ್ಟೆಲಿನ ಹುಡುಗಿಯ ಪತಿಯ ಹೆಸರು ಮತ್ತು ಕಾಕು ಸೇರಿದ ದಿನಾಂಕ, ಎರಡೂ ನಮ್ಮ ಪಟ್ಟಿಯಲ್ಲಿ ಒಂದೇ ಥರ ಖಾಲಿ.

ಆದಷ್ಟನ್ನು ತುಂಬಲು ಮನೆಮನೆಗೆ ಫೋನ್ ಮಾಡಿದೆವು. ಕಾಕುವಿಗೆ ನಾನೇ ಮಾಡಿದೆ. "ನೀವು ಸಂಘಕ್ಕೆ ಮೊದಲು ಬಂದದ್ದು ಯಾವಾಗ ಕಾಕು? ದಿನಾಂಕ ಬೇಕಿತ್ತು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದರು: "ಗಣಪತಿ ಹಬ್ಬದಾಗ ತಂಗಿ. ವರ್ಷ ನೆನಪಿಲ್ಲ. ಭಾಳ ಮಳಿ ಇತ್ತು, ರೈಲು ನಿಂತಿದ್ದವು, ಚಪ್ಪಲಿ ಕೈಯಾಗ ಹಿಡಕೊಂಡು ನಡಕೋತ ಬಂದಿದ್ದೆ. ಅದನ್ನ ಬರಕೋತಿಯೇನು?"

ದಿನಾಂಕದ ಕಾಲಮ್ಮು ಅದನ್ನು ತೆಗೆದುಕೊಳ್ಳಲಿಲ್ಲ. "ಟಿಪ್ಪಣಿ" ಎಂಬ ಹೊಸ ಕಾಲಮ್ಮು ಮಾಡಿ ಅಲ್ಲಿ ಬರೆದುಕೊಂಡೆ.